ವಿದ್ಯಾರ್ಥಿನಿಲಯದ ತಂತಿಜಾಲ

ಆಗಸ್ಟ್ ತಿಂಗಳ ಕೊನೆಯಲ್ಲಿ ಅಮೆರಿಕದ ಯಾವುದಾದರೊಂದು ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಲಯವನ್ನು ಹೊಕ್ಕು ನೋಡಿದರೆ, ಹೊಸದಾಗಿ ಬಂದಿಳಿದ ವಿದ್ಯಾರ್ಥಿಗಳು ತಮ್ಮ ಪೆಟ್ಟಿಗೆಗಳನ್ನು ಬಿಚ್ಚುತ್ತಿರುವುದನ್ನು ಕಾಣಬಹುದು. ಹಾಸನದಿಂದಲೋ ಧಾರವಾಡದಿಂದಲೋ ಹೋದ ನಮ್ಮ ಹುಡುಗನೊಬ್ಬನೂ ಅವರಲ್ಲಿ ಇದ್ದಾನು. ಅವನ ಪೆಟ್ಟಿಗೆಯಿಂದ ಚಟ್ನಿಪುಡಿಯ ಡಬ್ಬಿಗಿಂತ ಮುಂಚೆ ಹೊರಬರುವುದು ಗಣಕಯಂತ್ರ. ಮೇಜಿನ ಪಕ್ಕದ ಗೋಡೆಯಲ್ಲಿ, ನೆಲದಿಂದ ಮೊಳದೆತ್ತರದಲ್ಲಿ, ಬೆರಳಿನಗಲದ ಒಂದು ಚೌಕ ಗುಳಿಯುಂಟು. ತಂತಿಯ ಒಂದು ತುದಿಯನ್ನು ಯಂತ್ರಕ್ಕೂ ಇನ್ನೊಂದನ್ನು ಆ ಗುಳಿಗೂ ಅವನು ಸೇರಿಸುತ್ತಾನೆ. 'ಟಿಕ್' ಎಂದು ಸಣ್ಣ ಸದ್ದಾಗುತ್ತದೆ. ಹಸುರು ದೀಪವೊಂದು ಮಿನುಗುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ಊರಿನಲ್ಲಿರುವ ತಾಯಿಯ ಮುಖ ತೆರೆಯ ಮೇಲೆ ಮೂಡುತ್ತದೆ.

ಆ ಸದ್ದಿಗೂ ಆ ಮುಖಕ್ಕೂ ನಡುವೆ ಕಳೆಯುವ ಕಾಲ ಬಹಳ ಸ್ವಲ್ಪ. ಆದರೆ ಆ ಸ್ವಲ್ಪ ಕಾಲದಲ್ಲಿ ಯಂತ್ರಯಂತ್ರಗಳ ನಡುವೆ ಹಲವು ಮಾತುಕತೆಗಳು ನಡೆದುಹೋಗಿರುತ್ತವೆ. ಹೊಸಬನ ಗುರುತನ್ನು ಕೇಳಿ, ಅವನಿಗೊಂದು ವಿಳಾಸವನ್ನು ಕೊಟ್ಟು, ಹೊರಕ್ಕೆ ಹೋಗುವ ಬಾಗಿಲನ್ನು ತೋರಿಸಿ ಆಗಿರುತ್ತದೆ. ಈ ಮಾತುಕತೆಗಳ ಸ್ವರೂಪವೇನು, ಅವು ಕೆಟ್ಟರೆ ಏನಾಗುತ್ತದೆ ಎಂಬುದನ್ನು ವಾಚಕರಿಗೆ ತಿಳಿಸುವುದು ಈ ಲೇಖನದ ಉದ್ದೇಶ. ಕೆಟ್ಟರೆ ಏನಾಗುತ್ತದೆ ಎಂಬುದನ್ನು ನಾವು ಸ್ವಂತ ಅನುಭವದಿಂದ ಬಲ್ಲೆವು. ಅದನ್ನು ಮುಂದೆ ಹೇಳುವೆವು.

ಹೊಸೆದ ಜೋಡಿಗಳು

ಮೊದಲು ತಂತಿಯನ್ನೇ ನೋಡೋಣ. ಹೊರಗಿನಿಂದ ಅದು ಒಂದೇ ಎಂದು ತೋರುತ್ತದೆ. ಮೇಲಿನ ಹೊದಿಕೆಯನ್ನು ಸುಲಿದರೆ ಒಳಗೆ ಎಂಟು ಸಣ್ಣ ತಾಮ್ರದ ತಂತಿಗಳು ಕಾಣುತ್ತವೆ. ಕಿತ್ತಳೆ, ಹಸುರು, ನೀಲಿ, ಕಂದು ಎಂದು ನಾಲ್ಕು ಬಣ್ಣಗಳಿಂದ ಗುರುತಿಸಿದ ನಾಲ್ಕು ಜೋಡಿಗಳು ಅವು. ದೀಪದ ಬತ್ತಿಯನ್ನು ಹೊಸೆಯುವಂತೆ ಒಂದೊಂದು ಜೋಡಿಯನ್ನೂ ಬೇರೆಬೇರೆಯಾಗಿ ಹೊಸೆದಿರುತ್ತಾರೆ. ಈ ಹೊಸೆತ ಅಂದಕ್ಕಾಗಿ ಅಲ್ಲ, ಗಟ್ಟಿತನಕ್ಕಾಗಿಯೂ ಅಲ್ಲ. ಹಾಗಾದರೆ ಏತಕ್ಕಾಗಿ?

ವಿದ್ಯಾರ್ಥಿನಿಲಯವೆಂದರೆ ನೂರಾರು ವಿದ್ಯುದ್ಯಂತ್ರಗಳ ಸಂತೆ. ಕೊಳವೆದೀಪಗಳು, ಬೀಸಣಿಗೆಗಳು, ಶೀತಕ ಪೆಟ್ಟಿಗೆಗಳು, ಲಿಫ್ಟನ್ನು ಎಳೆಯುವ ಮೋಟಾರು ಇವೆಲ್ಲವೂ ತಮ್ಮ ಸುತ್ತ ಬದಲಾಗುತ್ತಿರುವ ಕಾಂತಕ್ಷೇತ್ರವನ್ನು ಹರಡುತ್ತವೆ. ಅಂಥ ಕ್ಷೇತ್ರದಲ್ಲಿ ತಂತಿಯೊಂದು ಹಾದುಹೋದರೆ ಅದರಲ್ಲಿ ಬೇಡದ ವಿದ್ಯುತ್ತು ಹುಟ್ಟುತ್ತದೆ. ನಾವು ಕಳಿಸುವ ಸಂಜ್ಞೆಯಾದರೋ ಬಲು ಮೃದು. ಈ ಗದ್ದಲದಲ್ಲಿ ಅದು ಮುಳುಗಿಹೋಗಬೇಕಾಗಿತ್ತು. ಆದಕಾರಣ ಸಂಜ್ಞೆಯನ್ನು ಒಂದು ತಂತಿಯಲ್ಲಿ ಕಳಿಸದೆ ಜೋಡಿಯಲ್ಲಿ ಕಳಿಸುತ್ತಾರೆ. ಒಂದು ತಂತಿಯಲ್ಲಿ ವಿದ್ಯುತ್ತಿನ ಒತ್ತಡ ಏರಿದಷ್ಟು ಅದರ ಸಂಗಾತಿಯಲ್ಲಿ ಇಳಿಯುತ್ತದೆ. ಕೊನೆಯಲ್ಲಿರುವ ಯಂತ್ರವು ಎರಡರ ನಡುವಣ ವ್ಯತ್ಯಾಸವನ್ನು ಮಾತ್ರ ಗಮನಿಸುತ್ತದೆ. ಹೊರಗಿನ ಗದ್ದಲ ಎರಡು ತಂತಿಗಳಿಗೂ ಒಂದೇ ಸಮನಾಗಿ ತಗಲಿದ್ದರೆ, ವ್ಯತ್ಯಾಸವನ್ನು ತೆಗೆದಾಗ ಅದು ಕಳೆದುಹೋಗುತ್ತದೆ, ಸಂಜ್ಞೆ ಉಳಿಯುತ್ತದೆ.

ಆದರೆ ಎರಡು ತಂತಿಗಳನ್ನು ನೇರವಾಗಿ ಪಕ್ಕಪಕ್ಕದಲ್ಲಿ ಎಳೆದರೆ, ಮೋಟಾರಿಗೆ ಹತ್ತಿರವಿರುವ ತಂತಿಗೆ ಗದ್ದಲ ಹೆಚ್ಚು, ದೂರದ್ದಕ್ಕೆ ಕಡಮೆ. ಹೊಸೆದಾಗ ಒಂದು ಸಲ ಇದು ಹತ್ತಿರ, ಇನ್ನೊಂದು ಸಲ ಅದು ಹತ್ತಿರ. ಒಟ್ಟಿನಲ್ಲಿ ಪಾಲು ಸಮವಾಗುತ್ತದೆ. ನಾಲ್ಕು ಜೋಡಿಗಳು ಒಂದರ ಮಾತನ್ನು ಇನ್ನೊಂದು ಕದ್ದು ಕೇಳದಿರಲೆಂದು ಅವುಗಳ ಹೊಸೆತದ ಬಿಗಿಯನ್ನೂ ಬೇರೆಬೇರೆಯಾಗಿ ಇಡುತ್ತಾರೆ. ಈ ಉಪಾಯ ಹೊಸದಲ್ಲ. ದೂರವಾಣಿಯ ಹೆಸರಿನೊಡನೆ ಸೇರಿಹೋಗಿರುವ ಅಲೆಗ್ಸಾಂಡರ್ ಗ್ರಹಾಂ ಬೆಲ್ ೧೮೮೧ರಲ್ಲಿಯೇ ಹೊಸೆದ ಜೋಡಿಗೆ ಹಕ್ಕುಪತ್ರವನ್ನು ಪಡೆದಿದ್ದನು.

ಕೊಠಡಿಯ ಗುಳಿಯಿಂದ ಹೊರಟ ತಂತಿ ಗೋಡೆಯೊಳಗೆ ಏರಿ, ಮಾಳಿಗೆಯ ಸಂದಿನಲ್ಲಿ ಓಡಿ, ಆ ಅಂತಸ್ತಿನ ಮೂಲೆಯಲ್ಲಿ ಬೀಗ ಹಾಕಿದ ಒಂದು ಕಿರುಕೋಣೆಯನ್ನು ಸೇರುತ್ತದೆ. ಪ್ರತಿ ಕೊಠಡಿಯ ತಂತಿಯೂ ಹೀಗೆ ಬೇರೆಯಾಗಿ ಬಂದು ಅಲ್ಲಿರುವ 'ಸ್ವಿಚ್ಚು' ಎಂಬ ಯಂತ್ರಕ್ಕೆ ಸೇರುತ್ತದೆ. ಯಂತ್ರದಿಂದ ಸ್ವಿಚ್ಚಿನವರೆಗೆ ತಂತಿಯ ಉದ್ದ ಒಟ್ಟು ೧೦೦ ಮೀಟರನ್ನು ಮೀರಕೂಡದೆಂದು ನಿಯಮ. ಅಷ್ಟು ದೂರವನ್ನು ಸಂಜ್ಞೆಯು ಸುಮಾರು ಅರ್ಧ ಮೈಕ್ರೊಸೆಕೆಂಡಿನಲ್ಲಿ, ಎಂದರೆ ಸೆಕೆಂಡಿನ ಇಪ್ಪತ್ತು ಲಕ್ಷದಲ್ಲೊಂದು ಪಾಲಿನಲ್ಲಿ, ದಾಟುತ್ತದೆ.

ಇಲ್ಲದ ಈಥರಿನ ಹೆಸರು

ಈ ವ್ಯವಸ್ಥೆಗೆ 'ಈಥರ್ನೆಟ್' ಎಂದು ಹೆಸರು. ಬೆಳಕು ಹರಿಯಲು ಒಂದು ಮಾಧ್ಯಮ ಬೇಕೆಂದು ನಂಬಿದ್ದ ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು, ಎಲ್ಲೆಲ್ಲೂ ತುಂಬಿರುವ 'ಈಥರ್' ಎಂಬ ವಸ್ತುವನ್ನು ಕಲ್ಪಿಸಿಕೊಂಡಿದ್ದರು. ೧೮೮೭ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ನಡೆಸಿದ ಪ್ರಸಿದ್ಧ ಪ್ರಯೋಗ ಅದರ ಸುಳಿವನ್ನು ಕಾಣಲಿಲ್ಲ. ಭೌತವಿಜ್ಞಾನವು ಕೈಬಿಟ್ಟ ಆ ಹೆಸರನ್ನು ೧೯೭೩ರಲ್ಲಿ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊ ನಗರದಲ್ಲಿದ್ದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದ ರಾಬರ್ಟ್ ಮೆಟ್ಕಾಫ್ ಎತ್ತಿಕೊಂಡನು. ಅವನೂ ಅವನ ಸಹೋದ್ಯೋಗಿ ಡೇವಿಡ್ ಬಾಗ್ಸನೂ ಒಂದು ದಪ್ಪ ತಂತಿಯನ್ನು ಎಳೆದು, ಗಣಕಯಂತ್ರಗಳೆಲ್ಲವನ್ನೂ ಅದಕ್ಕೇ ತಗಲಿಸಿದರು. ಆ ತಂತಿಯೇ ಅವರ ಈಥರ್. ಅದರಲ್ಲಿ ಯಾರು ಮಾತನಾಡಿದರೂ ಎಲ್ಲರಿಗೂ ಕೇಳುತ್ತಿತ್ತು.

ಎಲ್ಲರಿಗೂ ಕೇಳುವ ಕಡೆ ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಗತಿಯೇನು? ಸಭ್ಯರ ಗೋಷ್ಠಿಯಲ್ಲಿ ಏನು ಮಾಡುವೆವೋ ಅದನ್ನೇ ಯಂತ್ರಗಳಿಗೂ ಕಲಿಸಿದರು. ಮಾತನಾಡುವ ಮೊದಲು ಕಿವಿಗೊಡು. ಯಾರೂ ಮಾತನಾಡದಿದ್ದರೆ ಆರಂಭಿಸು. ಇನ್ನೊಬ್ಬನೂ ಆರಂಭಿಸಿದನೆಂದು ತಿಳಿದೊಡನೆ ನಿಲ್ಲಿಸು. ಲೆಕ್ಕವಿಲ್ಲದಷ್ಟು ಹೊತ್ತು ತಡೆದು ಮತ್ತೆ ಯತ್ನಿಸು. ತಡೆಯುವ ಹೊತ್ತನ್ನು ಇಬ್ಬರೂ ಬೇರೆಬೇರೆಯಾಗಿ ಚೀಟಿಯೆತ್ತಿದಂತೆ ಆರಿಸಿಕೊಳ್ಳುವುದರಿಂದ ಎರಡನೆಯ ಸಲ ಡಿಕ್ಕಿಯಾಗುವುದು ಅಪರೂಪ. ಈ ವಿಚಾರದ ಬೀಜ ಹವಾಯಿ ವಿಶ್ವವಿದ್ಯಾನಿಲಯದಲ್ಲಿ ನಾರ್ಮನ್ ಅಬ್ರಮ್ಸನ್ ೧೯೭೧ರಲ್ಲಿ ನಡೆಸಿದ 'ಅಲೋಹ' ಎಂಬ ರೇಡಿಯೊ ಜಾಲದಲ್ಲಿತ್ತು. ಮೆಟ್ಕಾಫನ ಮೊದಲ ಜಾಲವು ಸೆಕೆಂಡಿಗೆ ೨೯ ಲಕ್ಷ ೪೦ ಸಾವಿರ ದ್ವಿಮಾನ ಅಂಕಿಗಳನ್ನು ಸಾಗಿಸುತ್ತಿತ್ತು. ಈಗ ಕೊಠಡಿಗಳಲ್ಲಿ ಸಾಮಾನ್ಯವಾಗಿರುವ ತಂತಿ ಸೆಕೆಂಡಿಗೆ ನೂರು ಕೋಟಿಯನ್ನು ಸಾಗಿಸುತ್ತದೆ.

೧೯೮೩ರಲ್ಲಿ ಈಥರ್ನೆಟ್ಟಿನ ನಿಯಮಗಳು ಸರ್ವಸಮ್ಮತ ಮಾನಕವಾದುವು. ೧೯೯೦ರಲ್ಲಿ ದಪ್ಪ ತಂತಿಯ ಬದಲು ಹೊಸೆದ ಜೋಡಿಯನ್ನು ಬಳಸುವ ಮಾನಕ ಬಂದಿತು. ದೂರವಾಣಿಯಂತೆ ಕೊಠಡಿಗೊಂದು ತಂತಿಯನ್ನು ಎಳೆಯುವುದು ಸುಲಭವಾಯಿತು. ಇದಕ್ಕೂ ಮೊದಲೇ ನ್ಯೂಹ್ಯಾಂಪ್‌ಷೈರಿನ ಡಾರ್ಟ್‌ಮತ್ ಕಾಲೇಜಿನವರು ೧೯೮೦ರ ದಶಕದ ನಡುವಿನಲ್ಲಿ ಬೇರೊಂದು ಬಗೆಯ ಜಾಲವನ್ನು ತಮ್ಮ ವಿದ್ಯಾರ್ಥಿನಿಲಯಗಳಿಗೆ ಒಯ್ದಿದ್ದರು. ಮುಂದಿನ ವರ್ಷಗಳಲ್ಲಿ 'ದಿಂಬಿಗೊಂದು ಗುಳಿ' ಎಂಬ ಮಾತು ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ರೂಢಿಗೆ ಬಂದಿತು. ನಮ್ಮ ದೇಶದಲ್ಲಿ ವಿದ್ಯಾಸಂಸ್ಥೆಗಳನ್ನು ಒಂದಕ್ಕೊಂದು ಹೆಣೆಯುವ 'ಅರ್ನೆಟ್' ಯೋಜನೆ ೧೯೮೬ರಲ್ಲಿ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವು ಅದರ ಮೊದಲ ಪಾಲುಗಾರರಲ್ಲೊಂದು.

ದೀಪ ಹೇಳುವುದೆಷ್ಟು?

ಈಗ ನಮ್ಮ ಹುಡುಗನ ಕೊಠಡಿಗೆ ಹಿಂದಿರುಗೋಣ. ತಂತಿ ಸೇರಿದೊಡನೆ ಅವನ ಯಂತ್ರವೂ ಕಿರುಕೋಣೆಯ ಸ್ವಿಚ್ಚೂ ಒಂದಕ್ಕೊಂದು ಸಣ್ಣ ಮಿಡಿತಗಳನ್ನು ಕಳಿಸುತ್ತವೆ. 'ನಾನು ಇಷ್ಟು ವೇಗದಲ್ಲಿ ಮಾತನಾಡಬಲ್ಲೆ, ನೀನು?' ಎಂಬುದು ಆ ಮಿಡಿತಗಳ ಅರ್ಥ. ಇಬ್ಬರಿಗೂ ಸಾಧ್ಯವಾದ ಅತಿ ಹೆಚ್ಚಿನ ವೇಗವನ್ನು ಒಪ್ಪಿಕೊಂಡ ಮೇಲೆ ಹಸುರು ದೀಪ ಬೆಳಗುತ್ತದೆ. ವಾಚಕರು ಇದನ್ನು ಚೆನ್ನಾಗಿ ನೆನಪಿನಲ್ಲಿಡಬೇಕು: ದೀಪ ಬೆಳಗಿತೆಂದರೆ ತಂತಿ ಸರಿಯಾಗಿದೆ, ಅದರ ಆ ಕೊನೆಯಲ್ಲಿ ಯಾರೋ ಇದ್ದಾರೆ ಎಂದು ಮಾತ್ರ ಅರ್ಥ. ಆ ಕೊನೆಯಲ್ಲಿರುವವರು ಯಾರು, ನಮ್ಮ ಮಾತು ಎಲ್ಲಿಗೆ ಹೋಗುವುದು ಎಂಬುದನ್ನು ದೀಪ ಹೇಳಲಾರದು.

ಅನಂತರ ಗುರುತಿನ ವಿಚಾರ. ಪ್ರತಿಯೊಂದು ಗಣಕಯಂತ್ರದ ತಂತಿ ಸೇರುವ ಭಾಗದಲ್ಲಿಯೂ ಅದನ್ನು ತಯಾರಿಸಿದವರು ಒಂದು ಸಂಖ್ಯೆಯನ್ನು ಬರೆದಿಟ್ಟಿರುತ್ತಾರೆ. ಶಾಲೆಯ ಪ್ರಮಾಣಪತ್ರದಲ್ಲಿ 'ಬಲಗೆನ್ನೆಯ ಮೇಲೆ ಮಚ್ಚೆ' ಎಂದು ಗುರುತು ಬರೆಸುತ್ತಿದ್ದರಲ್ಲವೆ, ಇದೂ ಹಾಗೆಯೇ ಒಂದು ಹುಟ್ಟುಗುರುತು. ಇದಕ್ಕೆ 'ಮ್ಯಾಕ್ ವಿಳಾಸ'ವೆಂದು ಹೆಸರು. ೪೮ ದ್ವಿಮಾನ ಅಂಕಿಗಳ ಈ ಸಂಖ್ಯೆಯ ಮೊದಲರ್ಧ ತಯಾರಕರಿಗೆ ಹಂಚಿಕೊಟ್ಟದ್ದು. ಉಳಿದರ್ಧವನ್ನು ತಯಾರಕರು ಒಂದೊಂದು ಯಂತ್ರಕ್ಕೂ ಬೇರೆಬೇರೆಯಾಗಿ ಕೊಡುತ್ತಾರೆ. ೪೮ ಅಂಕಿಗಳಿಂದ ೨೮೧ ಲಕ್ಷ ಕೋಟಿಗೂ ಹೆಚ್ಚು ಸಂಖ್ಯೆಗಳನ್ನು ರಚಿಸಬಹುದಾದ್ದರಿಂದ ಸದ್ಯಕ್ಕೆ ಬರಗಾಲದ ಭಯವಿಲ್ಲ. ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ವಿದ್ಯಾರ್ಥಿಯು ಮೊದಲ ದಿನ ತನ್ನ ಹೆಸರಿನೊಡನೆ ಈ ಸಂಖ್ಯೆಯನ್ನು ನೋಂದಾಯಿಸಬೇಕು. ಇನ್ನು ಕೆಲವೆಡೆ ಹೆಸರನ್ನೂ ಗುಟ್ಟಿನ ಪದವನ್ನೂ ಒಪ್ಪಿಸಿದ ಹೊರತು ಸ್ವಿಚ್ಚು ಬಾಗಿಲನ್ನೇ ತೆರೆಯದು.

ವಿಳಾಸವನ್ನು ಬೇಡುವ ಬಗೆ

ಹುಟ್ಟುಗುರುತಿನಿಂದ ವ್ಯಕ್ತಿಯನ್ನು ಗುರುತಿಸಬಹುದೇ ಹೊರತು ಅವನ ಮನೆಗೆ ಕಾಗದವನ್ನು ಬರೆಯಲಾಗದು. ಅದಕ್ಕೆ ಊರು ಬೀದಿಗಳ ವಿಳಾಸ ಬೇಕು. ಗಣಕಯಂತ್ರಗಳ ಜಗತ್ತಿನಲ್ಲಿ ಇದಕ್ಕೆ 'ಐ.ಪಿ. ವಿಳಾಸ'ವೆನ್ನುತ್ತಾರೆ. ಬಹುಕಾಲದಿಂದ ಬಳಕೆಯಲ್ಲಿರುವ ಬಗೆಯದರಲ್ಲಿ ೩೨ ದ್ವಿಮಾನ ಅಂಕಿಗಳಿವೆ. ಹಿಂದೆ ಕಾರ್ಯಾಲಯಕ್ಕೆ ಹೋಗಿ, ಚೀಟಿಯಲ್ಲಿ ವಿಳಾಸವನ್ನು ಬರೆಯಿಸಿಕೊಂಡು ಬಂದು, ಯಂತ್ರಕ್ಕೆ ಕೈಯಿಂದಲೇ ತಿಳಿಸಬೇಕಾಗಿತ್ತು. ಒಂದಂಕಿ ತಪ್ಪಿದರೂ ಪಕ್ಕದವನ ವಿಳಾಸ ನಮ್ಮದಾಗಿ ಇಬ್ಬರಿಗೂ ತೊಂದರೆ. ಈ ಕಷ್ಟವನ್ನು ತಪ್ಪಿಸಿದ್ದು ಡಿ.ಎಚ್.ಸಿ.ಪಿ. ಎಂಬ ಒಪ್ಪಂದ. ಪೆನ್ಸಿಲ್ವೇನಿಯದ ಬಕ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದ ರಾಲ್ಫ್ ಡ್ರೋಮ್ಸ್ ಬರೆದ ಇದರ ನಿಯಮಗಳು ೧೯೯೩ರಲ್ಲಿ ಮೊದಲು ಪ್ರಕಟವಾಗಿ ೧೯೯೭ರಲ್ಲಿ ಪರಿಷ್ಕೃತವಾದುವು.

ಇದರಲ್ಲಿ ನಾಲ್ಕು ಮಾತುಗಳಿವೆ. ಹೊಸ ಯಂತ್ರಕ್ಕೆ ತನ್ನ ವಿಳಾಸವೂ ತಿಳಿಯದು, ಯಾರನ್ನು ಕೇಳಬೇಕೆಂಬುದೂ ತಿಳಿಯದು. ಆದ್ದರಿಂದ ಅದು ಬೀದಿಯಲ್ಲಿ ನಿಂತು ಕೂಗುತ್ತದೆ: 'ಇಲ್ಲಿ ವಿಳಾಸ ಕೊಡುವವರು ಯಾರಿದ್ದೀರಿ?' ಈ ಕೂಗು ಜಾಲದ ಆ ಭಾಗದಲ್ಲಿರುವ ಎಲ್ಲ ಯಂತ್ರಗಳಿಗೂ ಮುಟ್ಟುತ್ತದೆ. ವಿಳಾಸ ಕೊಡುವ ಅಧಿಕಾರಿಯಂತ್ರವು 'ಇಗೋ, ಈ ವಿಳಾಸ ಖಾಲಿಯಿದೆ, ಬೇಕೆ?' ಎನ್ನುತ್ತದೆ. 'ಬೇಕು, ಅದನ್ನೇ ಕೊಡಿ' ಎಂಬುದು ಮೂರನೆಯ ಮಾತು. 'ಕೊಟ್ಟಿದೆ, ಇಷ್ಟು ಹೊತ್ತು ಇಟ್ಟುಕೊಳ್ಳಬಹುದು' ಎಂಬುದು ನಾಲ್ಕನೆಯದು. ವಿಳಾಸದೊಡನೆ ಇನ್ನೆರಡು ಮುಖ್ಯ ಸಂಗತಿಗಳೂ ಬರುತ್ತವೆ: ಹೊರಜಗತ್ತಿಗೆ ಹೋಗುವ ಬಾಗಿಲು ಯಾವುದು, ಮತ್ತು ಹೆಸರುಗಳನ್ನು ಕೊಟ್ಟರೆ ಅವುಗಳ ವಿಳಾಸಗಳನ್ನು ಹುಡುಕಿಕೊಡುವ ಯಂತ್ರ ಯಾವುದು. ವಿಳಾಸ ದಾನವಲ್ಲ, ಬಾಡಿಗೆ. ಅವಧಿ ತೀರುವ ಮುನ್ನ ಹೊಸದು ಮಾಡಿಸಿಕೊಳ್ಳಬೇಕು.

ಈ ಏರ್ಪಾಟಿನ ಅಂದವೂ ಕುಂದೂ ಒಂದೇ ಕಡೆ ಇವೆ. ಕೂಗಿದವನಿಗೆ ಉತ್ತರ ಕೊಟ್ಟವನು ಅಧಿಕಾರಿಯೋ ಅಲ್ಲವೋ ಎಂದು ವಿಚಾರಿಸುವ ಕ್ರಮ ಇದರಲ್ಲಿಲ್ಲ. ಮೊದಲು ಉತ್ತರ ಕೊಟ್ಟವನ ಮಾತನ್ನು ಯಂತ್ರ ಸಾಮಾನ್ಯವಾಗಿ ನಂಬುತ್ತದೆ.

ಒಂದು ರಾತ್ರಿಯ ಅನರ್ಥ

೨೦೦೭ರ ಡಿಸೆಂಬರು. ಆಗ ನಾವು ಅಮೆರಿಕದ ಒಂದು ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದೆವು. ಕೊಠಡಿಯಲ್ಲಿ ಇಬ್ಬರಿದ್ದು, ಗುಳಿಗಳಲ್ಲಿ ಒಂದು ಮಾತ್ರ ಸರಿಯಾಗಿತ್ತು. ಒಂದನ್ನು ಎರಡಾಗಿ ಮಾಡಿಕೊಳ್ಳಲು ನಾವು ಹಳೆಯದೊಂದು ರೌಟರು ಪೆಟ್ಟಿಗೆಯನ್ನು ಅಗ್ಗದಲ್ಲಿ ಕೊಂಡುತಂದೆವು. ಅದರ ಬೆನ್ನಿನಲ್ಲಿ ಐದು ಗುಳಿಗಳು. ಸ್ವಲ್ಪ ದೂರ ಬಿಟ್ಟು ನಿಂತದ್ದು ಹೊರಗಿನ ತಂತಿಗೆ. ಸಾಲಾಗಿರುವ ನಾಲ್ಕು ಒಳಗಿನ ಯಂತ್ರಗಳಿಗೆ. ಎಲ್ಲವೂ ಒಂದೇ ಆಕಾರದವು. ನಾವು ಗೋಡೆಯ ತಂತಿಯನ್ನು ಸಾಲಿನ ಗುಳಿಗಳಲ್ಲೊಂದಕ್ಕೆ ಸೇರಿಸಿದೆವು. ದೀಪಗಳೆಲ್ಲ ಹಸುರಾಗಿ ಬೆಳಗಿದುವು. ಅದನ್ನೇ ಕಾರ್ಯಸಿದ್ಧಿಯೆಂದು ತಿಳಿದು ಊಟಕ್ಕೆ ಹೋದೆವು.

ಹಿಂದಿರುಗುವಾಗ ಪಡಸಾಲೆಯಲ್ಲಿ ಗದ್ದಲವೋ ಗದ್ದಲ. ಒಬ್ಬನ ಯಂತ್ರಕ್ಕೆ ಜಾಲವಿಲ್ಲ. ಎದುರು ಕೊಠಡಿಯವನದಕ್ಕೆ ಇದೆ. ಅರ್ಧ ಗಂಟೆ ಕಳೆಯುವುದರಲ್ಲಿ ಎದುರು ಕೊಠಡಿಯವನದೂ ಹೋಯಿತು. ನಡೆದದ್ದೇನೆಂದರೆ, ನಮ್ಮ ಪೆಟ್ಟಿಗೆಯೂ ಮನೆಯೊಳಗಿನ ಯಂತ್ರಗಳಿಗೆ ವಿಳಾಸ ಹಂಚುವ ಸಣ್ಣ ಅಧಿಕಾರಿಯೇ. ಅದನ್ನು ತಿರುಗುಮುರುಗಾಗಿ ಸೇರಿಸಿದ್ದರಿಂದ ಇಡೀ ಅಂತಸ್ತನ್ನೇ ಅದು ತನ್ನ ಮನೆಯೆಂದು ಭಾವಿಸಿತು. ಯಾರು ಕೂಗಿದರೂ, ನಿಜವಾದ ಅಧಿಕಾರಿ ಬಾಯಿ ತೆರೆಯುವಷ್ಟರಲ್ಲಿ, ಹತ್ತಿರದಲ್ಲಿದ್ದ ನಮ್ಮ ಪೆಟ್ಟಿಗೆ ಉತ್ತರ ಕೊಡುತ್ತಿತ್ತು. 'ಹೊರಗೆ ಹೋಗುವ ಬಾಗಿಲು ನಾನೇ' ಎಂದೂ ಹೇಳುತ್ತಿತ್ತು. ಅದರ ಹೊರಗುಳಿಯಲ್ಲಾದರೋ ಏನೂ ಇರಲಿಲ್ಲ. ನೆರೆಯವರ ಕಾಗದಗಳೆಲ್ಲ ಬಂದು ಆ ಪೆಟ್ಟಿಗೆಯಲ್ಲಿ, ಪಾಳುಬಾವಿಯಲ್ಲಿ ಬಿದ್ದಂತೆ, ಬೀಳುತ್ತಿದ್ದುವು. ಮೊದಲೇ ವಿಳಾಸ ಪಡೆದು ಯಂತ್ರವನ್ನು ಆರಿಸದೆ ಇದ್ದವರಿಗೆ ತೊಂದರೆಯಿರಲಿಲ್ಲ. ಗದ್ದಲವನ್ನು ಕೇಳಿ, ತಮ್ಮದು ಸರಿಯಿದೆಯೋ ಇಲ್ಲವೋ ಎಂದು ಆರಿಸಿ ಹೊತ್ತಿಸಿ ನೋಡಿದವರು ಒಬ್ಬೊಬ್ಬರಾಗಿ ಬಲೆಗೆ ಬಿದ್ದರು. ಮದ್ದೇ ರೋಗವಾಗಿತ್ತು.

ಮೂರು ಬಾಗಿಲು ಆಚೆ ಬೇರೊಂದು ದೇಶದಿಂದ ಬಂದ ವಿದ್ಯಾರ್ಥಿಯಿದ್ದನು. ಮುಂದಿನ ವರ್ಷದ ವೇತನಕ್ಕಾಗಿ ಅವನು ಅರ್ಜಿ ಕಳಿಸಬೇಕಾಗಿದ್ದದ್ದು ಅಂದು ಮಧ್ಯರಾತ್ರಿಯೊಳಗೆ. ಆ ವೇತನ ಸಿಕ್ಕದಿದ್ದರೆ ಓದು ನಿಲ್ಲಿಸಿ ಊರಿಗೆ ಹೋಗಬೇಕೆಂದು ಅವನು ನಮಗೆ ಹಿಂದೆಯೇ ಹೇಳಿದ್ದನು. ಹತ್ತು ಗಂಟೆಯಾದ ಮೇಲೆ ಅವನು ಕಾಯುವುದನ್ನು ಬಿಟ್ಟು, ಬರಹವನ್ನು ಕಿರುಕಡ್ಡಿಯೊಂದರಲ್ಲಿ ತುಂಬಿಕೊಂಡು, ಹಿಮದಲ್ಲಿ ನಡೆದು ದೂರದ ಗ್ರಂಥಾಲಯಕ್ಕೆ ಹೋದನು.

ಅವನು ಹೋದ ಸ್ವಲ್ಪ ಹೊತ್ತಿಗೆ ಜಾಲದ ಮೇಲ್ವಿಚಾರಕರು ನಮ್ಮ ಬಾಗಿಲನ್ನು ತಟ್ಟಿದರು. ತಪ್ಪು ಉತ್ತರಗಳು ಯಾವ ಹುಟ್ಟುಗುರುತಿನ ಯಂತ್ರದಿಂದ ಬರುತ್ತಿವೆಯೆಂದು ಕಂಡುಕೊಂಡು, ಆ ಗುರುತು ಸ್ವಿಚ್ಚಿನ ಯಾವ ಬಾಯಿಯಲ್ಲಿ ಕಾಣುತ್ತಿದೆಯೆಂದು ನೋಡಿ, ಆ ಬಾಯಿ ಯಾವ ಕೊಠಡಿಯದೆಂದು ಪಟ್ಟಿಯಲ್ಲಿ ಹುಡುಕಿ ಬಂದಿದ್ದರು. ಅವರು ನಮ್ಮ ಗುಳಿಯನ್ನು ಆಗಲೇ ಮುಚ್ಚಿದ್ದರು. ಆದರೂ ತಪ್ಪು ವಿಳಾಸವನ್ನು ಪಡೆದಿದ್ದವರು ಇನ್ನೊಮ್ಮೆ ಕೇಳಿಕೊಳ್ಳುವ ತನಕ ಅವರಿಗೆ ಜಾಲ ದೊರೆಯಲಿಲ್ಲ. ನಾವು ಬಾಗಿಲಿನಿಂದ ಬಾಗಿಲಿಗೆ ಹೋಗಿ ತಪ್ಪೊಪ್ಪಿಕೊಂಡು, ಯಂತ್ರಗಳನ್ನು ಮತ್ತೊಮ್ಮೆ ಆರಿಸಿ ಹೊತ್ತಿಸಿರೆಂದು ಬೇಡಿಕೊಂಡೆವು.

ನೆರೆಯವನು ಹಿಂದಿರುಗಿದ್ದು ಮಧ್ಯರಾತ್ರಿ ಕಳೆದ ಮೇಲೆ. ಗಡುವಿಗೆ ಕೆಲವೇ ನಿಮಿಷಗಳಿರುವಾಗ ಅರ್ಜಿ ಹೋಗಿತ್ತು. ನಾವು ನಡೆದದ್ದನ್ನು ಹೇಳಿದೆವು. ಅವನು ಬಯ್ಯಲಿಲ್ಲ. ಬೂಟಿನ ಹಿಮವನ್ನು ಕೊಡವುತ್ತ, 'ಆ ಪೆಟ್ಟಿಗೆ ಮಾಡಿದ್ದಾದರೂ ಏನು?' ಎಂದು ಕೇಳಿದನು. ನಮಗೆ ಉತ್ತರ ತಿಳಿದಿರಲಿಲ್ಲ. ಅಂದಿನ ನಾಚಿಕೆಯಲ್ಲಿ ತಪ್ಪು ಮಾಡಿದ್ದಕ್ಕಿಂತ, ಮಾಡಿದ್ದೇನೆಂದು ತಿಳಿಯದೆ ಇದ್ದುದೇ ಹೆಚ್ಚಾಗಿ ನಮ್ಮನ್ನು ಚುಚ್ಚಿತು. ಮೇಲೆ ವಿವರಿಸಿರುವುದನ್ನೆಲ್ಲ ನಾವು ಕಲಿಯತೊಡಗಿದ್ದು ಆ ರಾತ್ರಿಯಿಂದ.

ಕಾವಲಿನ ಉಪಾಯಗಳು

ಇಂಥ ಅನರ್ಥವನ್ನು ತಡೆಯುವ ಉಪಾಯ ಸರಳವಾಗಿದೆ. ಸ್ವಿಚ್ಚಿನ ಬಾಯಿಗಳಲ್ಲಿ ಯಾವುದು ಅಧಿಕಾರಿಯ ಕಡೆಯದು, ಯಾವುವು ವಿದ್ಯಾರ್ಥಿಗಳ ಕಡೆಯವು ಎಂದು ಅದಕ್ಕೆ ಮೊದಲೇ ತಿಳಿಸಿಬಿಡುತ್ತಾರೆ. ವಿದ್ಯಾರ್ಥಿಗಳ ಬಾಯಿಯಿಂದ ವಿಳಾಸವನ್ನು ಬೇಡುವ ಮಾತು ಬಂದರೆ ಸ್ವಿಚ್ಚು ಬಿಡುತ್ತದೆ. ವಿಳಾಸ ಕೊಡುವ ಮಾತು ಬಂದರೆ ಅಲ್ಲಿಯೇ ನುಂಗಿಹಾಕುತ್ತದೆ. ಚೆನ್ನಾಗಿ ನಡೆಸುವ ಜಾಲಗಳಲ್ಲಿ ಈಗ ಇದು ವಾಡಿಕೆಯಾಗಿದೆ.

ಇನ್ನೊಂದು ಅನರ್ಥವೂ ಉಂಟು. ಕೊಠಡಿಯ ಎರಡು ಗುಳಿಗಳಿಗೆ ಒಂದೇ ತಂತಿಯ ಎರಡು ತುದಿಗಳನ್ನು ಸೇರಿಸಿದರೆ ಜಾಲದಲ್ಲಿ ಸುತ್ತು ಏರ್ಪಡುತ್ತದೆ. ಎಲ್ಲರನ್ನೂ ಉದ್ದೇಶಿಸಿದ ಒಂದು ಕೂಗು ಆ ಸುತ್ತಿನಲ್ಲಿ ಸಿಕ್ಕಿ ಕೊನೆಯಿಲ್ಲದೆ ತಿರುಗುತ್ತ ಜಾಲವನ್ನೇ ತುಂಬಿಬಿಡುತ್ತದೆ. ಇದಕ್ಕೆ ಪರಿಹಾರವನ್ನು ೧೯೮೫ರಲ್ಲಿ ಕಂಡುಹಿಡಿದಾಕೆ ಡಿಜಿಟಲ್ ಈಕ್ವಿಪ್‌ಮೆಂಟ್ ಸಂಸ್ಥೆಯಲ್ಲಿದ್ದ ರೇಡಿಯಾ ಪರ್ಲ್‌ಮನ್. ಸ್ವಿಚ್ಚುಗಳು ತಮ್ಮತಮ್ಮಲ್ಲೇ ಮಾತನಾಡಿಕೊಂಡು, ಸುತ್ತನ್ನು ಉಂಟುಮಾಡುವ ದಾರಿಯನ್ನು ಮುಚ್ಚಿ, ಜಾಲವನ್ನು ಸುತ್ತಿಲ್ಲದ ಮರದ ಕೊಂಬೆಗಳಂತೆ ಇಟ್ಟುಕೊಳ್ಳುವ ಕ್ರಮವದು.

ಈಗಿನ ತೆಳು ಗಣಕಯಂತ್ರಗಳಲ್ಲಿ ಅನೇಕಕ್ಕೆ ತಂತಿಯ ಗುಳಿಯೇ ಇರುವುದಿಲ್ಲ. ನಡುವೆ ಒಂದು ಜೋಡಣೆಯ ತುಂಡು ಬೇಕು. ಆಗ ಹುಟ್ಟುಗುರುತು ಸಾಮಾನ್ಯವಾಗಿ ಆ ತುಂಡಿನದು, ಯಂತ್ರದ್ದಲ್ಲ. ನಮ್ಮ ಹೆಸರಿನಲ್ಲಿ ನೋಂದಾಯಿಸಿದ ತುಂಡನ್ನು ಗೆಳೆಯನಿಗೆ ಎರವಲು ಕೊಟ್ಟರೆ ನಮ್ಮ ಹೆಸರನ್ನೇ ಎರವಲು ಕೊಟ್ಟಂತೆ. ರೌಟರು ಪೆಟ್ಟಿಗೆಯನ್ನು ಸೇರಿಸುವ ಮುನ್ನ ಅಲ್ಲಿನ ನಿಯಮ ಅದನ್ನು ಒಪ್ಪುವುದೇ ಎಂದು ಕೇಳುವುದು ಲೇಸು. ಒಪ್ಪಿದರೆ, ಬೇರೆಯಾಗಿ ನಿಂತ ಗುಳಿಗೇ ಗೋಡೆಯ ತಂತಿ ಸೇರಬೇಕು.

ತಂತಿಯಿಲ್ಲದೆ ಜಾಲ ದೊರೆಯುವ ಈ ಕಾಲದಲ್ಲಿ ಗೋಡೆಯ ಗುಳಿಗೆ ಏನು ಬೆಲೆ ಎಂದು ಕೆಲವರು ಕೇಳಬಹುದು. ನಿಸ್ತಂತು ಜಾಲದಲ್ಲಿ ಕೊಠಡಿಯ ಗಾಳಿಯೇ ಎಲ್ಲರಿಗೂ ಸೇರಿದ ಈಥರ್. ಮೆಟ್ಕಾಫನ ದಪ್ಪ ತಂತಿಯಂತೆ ಅಲ್ಲಿ ಒಬ್ಬನ ಸರದಿಗೆ ಇನ್ನೊಬ್ಬ ಕಾಯಲೇಬೇಕು. ಹೊಸೆದ ಜೋಡಿಯಾದರೋ ಕೊಠಡಿಯಿಂದ ಸ್ವಿಚ್ಚಿನವರೆಗೆ ಒಬ್ಬನದೇ ದಾರಿ. ಹೋಗುವ ಮಾತೂ ಬರುವ ಮಾತೂ ಒಮ್ಮೆಗೇ ಸಾಗುತ್ತವೆ. ಅಷ್ಟೇ ಅಲ್ಲ, ಮಾಳಿಗೆಗೆ ಅಂಟಿಸಿರುವ ನಿಸ್ತಂತು ಪೆಟ್ಟಿಗೆಯ ಹಿಂಬದಿಯನ್ನು ನೋಡಿದರೆ ಅಲ್ಲಿಯೂ ಸಾಮಾನ್ಯವಾಗಿ ಅದೇ ಎಂಟು ತಂತಿಗಳೇ ಕಾಣುತ್ತವೆ.

ಸ್ವಿಚ್ಚಿನಿಂದ ಮುಂದಕ್ಕೆ ದಾರಿ ಮತ್ತೆ ಎಲ್ಲರದು. ಊರ ಕೆರೆಯ ತೂಬಿನಂತೆ, ಒಬ್ಬನ ಕೈಚೇಷ್ಟೆ ನೂರು ಗದ್ದೆಗಳನ್ನು ಒಣಗಿಸಬಲ್ಲುದು. ಹಸುರು ದೀಪವನ್ನು ಕಂಡಾಗಲೆಲ್ಲ ನಮಗೆ ಹಿಮದಲ್ಲಿ ನಡೆದುಹೋದ ಆ ನೆರೆಯವನ ನೆನಪಾಗುತ್ತದೆ. ಮುಂದಿನ ವರ್ಷವೂ ಅವನು ಅದೇ ಪಡಸಾಲೆಯಲ್ಲಿ, ಮೂರು ಬಾಗಿಲು ಆಚೆ, ನಮ್ಮ ನೆರೆಯವನಾಗಿಯೇ ಇದ್ದನೆಂದು ತಿಳಿಸಿ ಈ ಲೇಖನವನ್ನು ಮುಗಿಸುವೆವು.